ಕಿವುಡು ಬೆಂಚಿಗೂ ಕೇಳಿಸಿದ ದನಿ

ನ್ಯಾಯಾಲಯಗಳ ಚರಿತ್ರೆ ಬರೆದವರು ತೀರ್ಪು ಕೊಟ್ಟವರನ್ನು ಸ್ಮರಿಸಿದ್ದಾರೆ, ವಾದ ಮಂಡಿಸಿದವರನ್ನು ಕೊಂಡಾಡಿದ್ದಾರೆ, ಕಟ್ಟಡದ ನಕ್ಷೆ ಬರೆದ ಪುಣ್ಯಾತ್ಮನ ಹೆಸರನ್ನು ಹೆಬ್ಬಾಗಿಲ ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರು ಕೂಗುವವರ ಬಗ್ಗೆ ಮಾತ್ರ ಯಾರೂ ಒಂದು ಸಾಲು ಬರೆದಂತೆ ಕಾಣುವುದಿಲ್ಲ. ಆ ಕೂಗು ಏಳದೆ ಯಾವ ಮೊಕದ್ದಮೆಯ ಕಡತವೂ ಬಿಚ್ಚಿಕೊಳ್ಳುವುದಿಲ್ಲ. ಮೂರು ಸಲ ಕೂಗಿದರೂ ಉತ್ತರ ಬಾರದಿದ್ದರೆ ಬಿಚ್ಚಿದ ಕಡತ ಹಾಗೆಯೇ ಮುಚ್ಚಿಕೊಳ್ಳುತ್ತದೆ. ಇಷ್ಟು ಸಣ್ಣ ಹುದ್ದೆಗೆ ಇಷ್ಟು ದೊಡ್ಡ ಅಧಿಕಾರ ಇನ್ನೆಲ್ಲೂ ಇರಲಾರದು. ಆ ಹುದ್ದೆಯಲ್ಲಿ ಮೂವತ್ತಾರು ವರ್ಷ ನಿಂತು, ಹೆಸರು ಕೂಗುವುದೂ ಒಂದು ವಿದ್ಯೆಯೆಂಬುದನ್ನು ನಮಗೆಲ್ಲ ತೋರಿಸಿಕೊಟ್ಟು, ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ನಮ್ಮ ಕಂಠಣ್ಣನವರಿಗೆ ಅಭಿನಂದನ ಗ್ರಂಥವೊಂದು ಸಲ್ಲುತ್ತಿರುವುದು ಈ ಹಳೆಯ ನ್ಯಾಯಾಲಯಕ್ಕೇ ಭೂಷಣ.

ಕಂಠಣ್ಣ ಎಂಬುದು ತಂದೆ ತಾಯಿ ಇಟ್ಟ ಹೆಸರಲ್ಲ. ವಕೀಲರ ಗುಮಾಸ್ತರು ಇಟ್ಟದ್ದು. ಸಂಬಳದ ಪಟ್ಟಿಯೊಂದನ್ನು ಬಿಟ್ಟರೆ ಈಗ ಎಲ್ಲ ಕಡೆ ಅದೇ ಊರ್ಜಿತ. ಇನ್ನು ಈ ಲೇಖನದ ಲೇಖಕಿಯ ಬಗ್ಗೆ ಒಂದು ಮಾತು. ಆಕೆ ಅದೇ ದೊಡ್ಡ ಸಭಾಂಗಣದಲ್ಲಿ ಇಪ್ಪತ್ತಾರು ವರ್ಷಗಳಿಂದ ಶೀಘ್ರಲಿಪಿಗಾರ್ತಿ. ಹಗಲೆಲ್ಲ ಇನ್ನೊಬ್ಬರ ಮಾತನ್ನು ಬರೆದುಕೊಳ್ಳುವ ಕಸುಬಿನವರಿಗೆ ‘ನಾನು’ ಎಂದು ಬರೆಯಲು ಕೈ ಬರುವುದಿಲ್ಲವಾದ್ದರಿಂದ, ಇಲ್ಲಿಯೂ ಆಕೆ ಮೂಲೆಯ ಮೇಜಿನ ಹಿಂದೆ ಕುಳಿತವಳಾಗಿಯೇ ಇರುತ್ತಾಳೆ. ಓದುಗರು ಕಂಠಣ್ಣನವರನ್ನು ನೋಡಲಿ.

ಇಪ್ಪತ್ತನಾಲ್ಕರ ಹರೆಯದಲ್ಲಿ ಅವರು ಕೆಲಸಕ್ಕೆ ಸೇರಿದ ಬಗೆಯೇ ಒಂದು ತಮಾಷೆ. ಸಂದರ್ಶನಕ್ಕೆ ಹತ್ತು ಮಂದಿ ಬಂದಿದ್ದರು. ಶಿರಸ್ತೇದಾರರು ಒಬ್ಬೊಬ್ಬರನ್ನೂ ವರಾಂಡದಲ್ಲಿ ನಿಲ್ಲಿಸಿ, ಅಂಗಳದಾಚೆಯ ಚಹದಂಗಡಿಯವನ ಹೆಸರನ್ನು ಕೂಗಿಸಿದರು. ಒಂಬತ್ತು ಮಂದಿ ಗಂಟಲು ಹರಿದುಕೊಂಡರೂ ಅಂಗಡಿಯವನು ತಲೆಯೆತ್ತಲಿಲ್ಲ. ಕಂಠಣ್ಣ ಒಂದೇ ಸಲ ಕರೆದರು, ಅದೂ ಸಾವಕಾಶವಾಗಿ. ಅಂಗಡಿಯವನು ಕೈಯಲ್ಲಿದ್ದ ಪಾತ್ರೆಯೊಂದಿಗೇ ಓಡಿ ಬಂದನಂತೆ. ಅದು ಆ ದನಿಯ ಗುಣ. ಎತ್ತರಿಸಿದ್ದು ಅನ್ನಿಸುವುದಿಲ್ಲ, ಹತ್ತಿರದಲ್ಲೇ ಯಾರೋ ಕರೆದಂತಿರುತ್ತದೆ. ಮನೆಯಲ್ಲಿ ಈ ಸಂಪತ್ತಿನ ಸುಳಿವೇ ಇಲ್ಲ ಎಂಬುದು ಅವರ ಮನೆಯವರ ದೂರು.

“ಹೊರಗೆಲ್ಲ ಇವರ ಗಂಟಲಿಗೆ ಊರೇ ತಿರುಗಿ ನೋಡುತ್ತೆ ಅಂತಾರೆ. ಮನೇಲಿ ಅನ್ನ ಬಡಿಸು ಅನ್ನೋದನ್ನೂ ಎರಡು ಸಲ ಕೇಳಿ ತಿಳ್ಕೋಬೇಕು,” ಎಂದು ಆಕೆ ನಮ್ಮೆದುರೇ ಹೇಳುತ್ತಾರೆ. ಕಂಠಣ್ಣನವರು ಆಗಲೂ ಏನೋ ಉತ್ತರ ಕೊಡುತ್ತಾರೆ; ಅದು ಯಾರಿಗೂ ಕೇಳಿಸುವುದಿಲ್ಲ.

ಅವರ ಸೇವೆಯ ಮಾತಿಗೆ ಮೊದಲು ಕಟ್ಟಡದ ಮಾತು ಬರಲೇಬೇಕು, ಏಕೆಂದರೆ ಅವರನ್ನು ತಿದ್ದಿ ಬೆಳೆಸಿದ್ದು ಅದೇ. ನೂರ ನಲವತ್ತಾರು ವರ್ಷದ ಕಲ್ಲುಕಟ್ಟಡ. ಕೆಳಗಿನ ಪಡಸಾಲೆಯಿಂದ ಮೇಲಿನ ಸಭಾಂಗಣಕ್ಕೆ ನಲವತ್ತೊಂದು ಮೆಟ್ಟಿಲು. ಪ್ರತಿ ಮೆಟ್ಟಿಲೂ ನಡುವೆ ತಟ್ಟೆಯಷ್ಟು ಸವೆದಿದೆ. ಮೆಟ್ಟಿಲ ತಲೆಯಿಂದ ಸಭಾಂಗಣದ ಬಾಗಿಲಿಗೆ ಹನ್ನೆರಡು ಹೆಜ್ಜೆ. ಒಳಗೆ ಹೋದರೆ ಮಾಡು ಎಷ್ಟು ಎತ್ತರದಲ್ಲಿದೆಯೆಂದರೆ, ಮೊದಲ ಸಲ ಬಂದವರು ಮಾತನ್ನು ಅರ್ಧಕ್ಕೇ ನಿಲ್ಲಿಸಿ ತಲೆಯೆತ್ತುತ್ತಾರೆ. ಬಾಗಿಲುಗಳ ಹಿತ್ತಾಳೆ ಹಿಡಿ ಮುಟ್ಟಿದರೆ ಬೇಸಗೆಯಲ್ಲೂ ತಣ್ಣಗಿರುತ್ತದೆ. ಇಷ್ಟೆಲ್ಲ ವೈಭವದ ನಡುವೆ ಈ ಕಟ್ಟಡಕ್ಕೊಂದು ಐಬಿದೆ. ಅದನ್ನು ಕಂಡುಹಿಡಿದವರು ಕಂಠಣ್ಣನವರು. ಕಂಡುಹಿಡಿದ ರೀತಿ ಮಾತ್ರ ಅವರ ಜೀವ ಹಿಂಡಿಬಿಟ್ಟಿತು.

ಕೆಲಸಕ್ಕೆ ಸೇರಿ ಆರನೆಯ ತಿಂಗಳು. ಇಲಾಖೆಯವರು ಕೊಟ್ಟ ಹೊಸ ಬೂಟನ್ನು ಅಂದು ಮೊದಲ ಸಲ ಹಾಕಿದ್ದರು. ಬೂಟು ಹಿಮ್ಮಡಿಯನ್ನು ಕಚ್ಚುತ್ತಿತ್ತು. ಪದ್ಧತಿಯ ಪ್ರಕಾರ ಕೂಗುವವರು ಸಭಾಂಗಣದ ಬಾಗಿಲು ದಾಟಿ, ಹನ್ನೆರಡು ಹೆಜ್ಜೆ ನಡೆದು, ಮೆಟ್ಟಿಲ ತಲೆಯಲ್ಲಿ ನಿಂತು ಕೆಳಗಿನ ಪಡಸಾಲೆಗೆ ಕೇಳುವಂತೆ ಮೂರು ಸಲ ಕರೆಯಬೇಕು. ಅಂದು ಬೆಳಗಿನಿಂದ ಹತ್ತೆಂಟು ಸಲ ನಡೆದು ಸೋತಿದ್ದ ಕಂಠಣ್ಣ, ಆ ಒಂದು ಹೆಸರನ್ನು ಬಾಗಿಲಲ್ಲೇ ನಿಂತು ಕೂಗಿದರು. ಮೂರು ಸಲವೂ ಕೂಗಿದರು, ಜೋರಾಗಿಯೇ ಕೂಗಿದರು. ಯಾರೂ ಬರಲಿಲ್ಲ. ‘ಮೂರು ಬಾರಿ ಕರೆಯಲಾಯಿತು, ವಾದಿ ಗೈರುಹಾಜರು, ಮೊಕದ್ದಮೆ ವಜಾ’ ಎಂದು ದಾಖಲಾಯಿತು. ಎಲ್ಲ ಸೇರಿ ಒಂದು ನಿಮಿಷದ ಕೆಲಸ.

ಮಧ್ಯಾಹ್ನ ಪೀಠ ಏಳುವ ಹೊತ್ತಿಗೆ ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದರು. ಕಂಕುಳಲ್ಲಿ ಕಾಗದದ ಚೀಲ, ಕುತ್ತಿಗೆಯಲ್ಲಿ ಅಳತೆಯ ಟೇಪು ಮರೆತು ಹಾಗೇ ಉಳಿದಿತ್ತು. ಬಟ್ಟೆ ಹೊಲಿದು ಜೀವನ ಮಾಡುವವರು. ಈ ಗ್ರಂಥದಲ್ಲಿ ತಮ್ಮ ಹೆಸರು ಅಚ್ಚಾಗುವುದು ಬೇಡವೆಂದು ಅವರು ಹೇಳಿರುವುದರಿಂದ ಇಲ್ಲಿ ಅವರನ್ನು ಹೊಲಿಗೆಯಮ್ಮ ಎನ್ನೋಣ.

“ನನ್ನ ಹೆಸರು ಯಾವಾಗ ಕೂಗ್ತೀರಪ್ಪ? ಬೆಳಗ್ಗೆ ಒಂಬತ್ತರಿಂದ ಕೆಳಗೇ ಕೂತಿದ್ದೀನಿ.”

ಕಂಠಣ್ಣ ಹೆಸರು ಕೇಳಿದರು. ಆಕೆ ಹೇಳಿದರು. ಬೆಳಗ್ಗೆ ಬಾಗಿಲಲ್ಲೇ ನಿಂತು ಕೂಗಿದ್ದ ಹೆಸರು ಅದೇ.

“ಕೂಗಿ ಆಯ್ತಮ್ಮ. ಎಲ್ಲಿ ಕೂತಿದ್ರಿ?”

ಮೆಟ್ಟಿಲ ಅಡಿಯಲ್ಲಿ, ಗೋಡೆಗೇ ಸೇರಿಸಿ ಕಟ್ಟಿದ ಕಲ್ಲಿನ ಬೆಂಚು. ಮಿಕ್ಕ ಬೆಂಚುಗಳೆಲ್ಲ ತುಂಬಿದ್ದವು, ಅಲ್ಲಿ ತಂಪಾಗಿತ್ತು, ಕೂತರು. ಅವರ ಮೊಕದ್ದಮೆ ಒಂದು ಕಿಟಕಿಯದು. ಅವರ ಒಂಟಿ ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಪಕ್ಕದವನು ಅದಕ್ಕೆ ನಾಲ್ಕು ಬೆರಳ ಅಂತರದಲ್ಲಿ ಗೋಡೆ ಎಬ್ಬಿಸಿದ್ದ. ಸೂಜಿಗೆ ದಾರ ಪೋಣಿಸಲು ಬೆಳಕು ಬೇಕು, ಆ ಬೆಳಕು ಕೊಡಿಸಿ ಎಂದು ಕೇಳಲು ಬಂದಿದ್ದರು. ಮತ್ತೆ ಅರ್ಜಿ ಹಾಕಿದರೆ ಮೊಕದ್ದಮೆ ತೆರೆಯಬಹುದು ಎಂದು ಕಂಠಣ್ಣ ತಡವರಿಸುತ್ತ ಹೇಳಿದರು. ಬಾಗಿಲಲ್ಲೇ ನಿಂತು ಕೂಗಿದೆ ಎಂಬುದನ್ನು ಹೇಳಲಿಲ್ಲ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ.

“ಬಂದವಳನ್ನ ಬಂದಿಲ್ಲ ಅಂದೋರ ಹತ್ರ ಇನ್ನೊಂದ್ಸಲ ಯಾಕೆ ಬರ್ಲಿ?” ಎಂದು ಹೇಳಿ ಆಕೆ ನಲವತ್ತೊಂದು ಮೆಟ್ಟಿಲನ್ನೂ ಇಳಿದು ಹೋದರು.

ಒಂದು ವಾರ ಕಂಠಣ್ಣನವರಿಗೆ ಊಟ ರುಚಿಸಲಿಲ್ಲ. ಎಂಟನೆಯ ದಿನ ನ್ಯಾಯಾಧೀಶರ ಕೋಣೆಗೆ ಹೋಗಿ ನಡೆದದ್ದನ್ನು ನಡೆದ ಹಾಗೆ ಒಪ್ಪಿಸಿದರು. ಆ ಹಿರಿಯರು ಬೈಯಲಿಲ್ಲ. “ಆದೇಶ ಆಗಿಹೋಗಿದೆ. ತೆರೀಬೇಕಾದ್ರೆ ಆಕೆಯೇ ಬಂದು ಕೇಳ್ಬೇಕು. ಹೋಗಿ ಕರ್ಕೊಂಡು ಬಾ,” ಎಂದರು. ಕಂಠಣ್ಣ ಕಡತದಲ್ಲಿದ್ದ ವಿಳಾಸ ಹಿಡಿದು ಹೋದರು. ಬೀಗ ಹಾಕಿದ ಬಾಗಿಲು. ಬೆಳಕಿಲ್ಲದ ಕೋಣೆಯಲ್ಲಿ ಹೊಲಿಗೆ ಸಾಗದೆಂದು ಆಕೆ ಮಗಳನ್ನು ಕರೆದುಕೊಂಡು ಎರಡು ದಿನ ಮೊದಲೇ ಖಾಲಿ ಮಾಡಿದ್ದರು; ಎಲ್ಲಿಗೆಂದು ಯಾರಿಗೂ ತಿಳಿಯದು. ಕಂಠಣ್ಣ ಹಿಂದಕ್ಕೆ ಹೋಗಿ ಆ ಕಿಟಕಿಗೂ ಗೋಡೆಗೂ ನಡುವೆ ಕೈ ತೂರಿಸಿ ನೋಡಿದರು. ಅಂಗೈ ಒಳಗೆ ಹೋಯಿತು, ಮೊಣಕೈ ಹೋಗಲಿಲ್ಲ. ಅದನ್ನು ಹೇಳುವಾಗ ಇವತ್ತಿಗೂ ಅವರು ತಮ್ಮ ಬಲಗೈಯನ್ನೊಮ್ಮೆ ನೋಡಿಕೊಳ್ಳುತ್ತಾರೆ.

ಮುಂದಿನ ಮೂರು ತಿಂಗಳು ಅವರು ಮಾಡಿದ ಕೆಲಸವನ್ನು ಸಂಶೋಧನೆಯೆಂದೇ ಕರೆಯಬೇಕು. ಸಂಜೆ ಐದಕ್ಕೆ ಕಚೇರಿ ಖಾಲಿಯಾದ ಮೇಲೆ, ಕಸ ಗುಡಿಸುವ ಅಜ್ಜಿಯನ್ನು ಕಟ್ಟಡದ ಒಂದೊಂದು ಮೂಲೆಯಲ್ಲಿ ಕೂರಿಸುವುದು, ತಾವು ಬಾಗಿಲಲ್ಲಿ, ಮೆಟ್ಟಿಲ ತಲೆಯಲ್ಲಿ, ಮೆಟ್ಟಿಲ ತಿರುವಿನಲ್ಲಿ ನಿಂತು ಕೂಗುವುದು. ಕೇಳಿಸಿದರೆ ಅಜ್ಜಿ ಪೊರಕೆ ಎತ್ತಬೇಕು. ಅಜ್ಜಿಗೆ ಮೊದಮೊದಲು ಇದು ಹುಚ್ಚು ಎನಿಸಿತು. ಆಮೇಲಾಮೇಲೆ ಎಷ್ಟು ಉಮೇದು ಬಂತೆಂದರೆ ಕೇಳಿಸದಿದ್ದರೂ ಪೊರಕೆ ಎತ್ತತೊಡಗಿದಳು. “ಪಾಪ, ಅಷ್ಟು ಕಷ್ಟಪಟ್ಟು ಕೂಗ್ತೀಯಲ್ಲ ಮಗ, ಅಂತ ಎತ್ತಿದೆ,” ಎಂದಳಂತೆ. ಕಂಠಣ್ಣ ಅವಳಿಗೆ ಕೈಮುಗಿದು, ಕನಿಕರ ಬೇಡ ಎಂದು ಹೇಳಿ, ಮೊದಲಿನಿಂದ ಮತ್ತೆ ಶುರುಮಾಡಿದರು. ಹೀಗೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತ ಹೋದಾಗ ಏಳು ಕಿವುಡು ಜಾಗಗಳು ಸಿಕ್ಕಿದವು. ದಪ್ಪ ಕಂಬವೂ ಕಮಾನೂ ಸೇರಿ ದನಿಯನ್ನು ನುಂಗುವ ಜಾಗಗಳು. ಎಲ್ಲಕ್ಕಿಂತ ಕಿವುಡು, ಮೆಟ್ಟಿಲ ಅಡಿಯ ಆ ಕಲ್ಲು ಬೆಂಚು. ಬಾಗಿಲಿನಿಂದ ಕೂಗಿದರೆ ಅಲ್ಲಿಗೆ ಏನೂ ಬರುವುದಿಲ್ಲ. ಮೆಟ್ಟಿಲ ತಲೆಯಿಂದ ಕೂಗಿದರೆ ಬರುತ್ತದೆ. ನಡುವೆ ಇರುವುದು ಹನ್ನೆರಡೇ ಹೆಜ್ಜೆ.

ಬೆಂಚು ತೆಗೆಸಿ ಎಂದು ಕೊಟ್ಟ ಮನವಿ, ಅದು ಗೋಡೆಯ ಭಾಗವೆಂಬ ಷರಾದೊಂದಿಗೆ ವಾಪಸಾಯಿತು. ಅಂದಿನಿಂದ ಕಂಠಣ್ಣ ತಾವೇ ನಡೆಯತೊಡಗಿದರು. ಮೊದಲ ಕೂಗು ಮೆಟ್ಟಿಲ ತಲೆಯಲ್ಲಿ, ಎರಡನೆಯದು ತಿರುವಿನಲ್ಲಿ, ಮೂರನೆಯದು ಕೆಳಗಿಳಿದು ಕಂಬ ಸುತ್ತಿ. ಒಂದು ಹೆಸರಿಗೆ ಎರಡು ನಿಮಿಷ. ಅವಸರದ ನ್ಯಾಯಾಧೀಶರೊಬ್ಬರು ಒಮ್ಮೆ, “ಅಲ್ಲಿಂದಲೇ ಕೂಗಬಾರದೇನ್ರಿ?” ಎಂದು ರೇಗಿದಾಗ, “ಕೂಗಿದ್ರೆ ಸಾಲದು ಸ್ವಾಮಿ, ಕೇಳಿಸ್ಬೇಕು,” ಎಂದು ತಲೆತಗ್ಗಿಸಿ ಹೇಳಿ ಮತ್ತೆ ನಡೆದುಕೊಂಡು ಹೋದರು. ಹತ್ತು ವರ್ಷದ ಹಿಂದೆ ಧ್ವನಿವರ್ಧಕ ಬಂತು. ಎಲ್ಲ ಮೂಲೆಯಲ್ಲೂ ಪೆಟ್ಟಿಗೆ ತೂಗುಹಾಕಿದರು. ಕಂಠಣ್ಣ ಅದರಲ್ಲೂ ಕೂಗಿದರು, ನಡೆದೂ ಕೂಗಿದರು. ಕರೆಂಟು ಹೋದ ದಿನ ನಮಗೆಲ್ಲ ಆ ನಡಿಗೆಯ ಬೆಲೆ ತಿಳಿಯುತ್ತಿತ್ತು.

ಅವರ ಉಪಕಾರಗಳನ್ನು ಬರೆಯಹೊರಟರೆ ಈ ಸಂಪುಟ ಸಾಲದು. ಸಾಕ್ಷಿ ಹೇಳಲು ಬಂದು ನಡುಗುವವರನ್ನು ಕಲಾಪಕ್ಕೆ ಅರ್ಧ ಗಂಟೆ ಮೊದಲೇ ಕರೆದುಕೊಂಡು ಹೋಗಿ ಖಾಲಿ ಕಟಕಟೆಯಲ್ಲಿ ನಿಲ್ಲಿಸಿ, “ನೋಡಿ, ಇಷ್ಟೇ. ಮರ ಅಷ್ಟೆ,” ಎಂದು ಧೈರ್ಯ ತುಂಬುವವರು ಅವರು. ಲೇಖಕಿ ಹೊಸದಾಗಿ ಸೇರಿದಾಗ ನ್ಯಾಯಾಧೀಶರು ಉಕ್ತಲೇಖನವನ್ನು ಮಿಂಚಿನಂತೆ ಹೇಳಿ ಮುಗಿಸುತ್ತಿದ್ದರು. ಆಕೆ ಅರ್ಧದಲ್ಲೇ ಉಳಿದು ಕಣ್ಣೀರು ತುಂಬಿಕೊಳ್ಳುತ್ತಿದ್ದಳು. ಆಗ ಕಂಠಣ್ಣ ಒಂದು ಉಪಾಯ ಮಾಡಿದರು. ಮುಂದಿನ ಹೆಸರನ್ನು ಕೂಗಲು ಹೋದವರು ಒಂದೊಂದು ಅಕ್ಷರವನ್ನೂ ಎಳೆದೆಳೆದು ಕೂಗಿ, ಕಂಬವನ್ನು ಎರಡು ಸಲ ಸುತ್ತಿ, ಆಕೆಯ ಪೆನ್ನು ನಿಂತದ್ದನ್ನು ಕಿಟಕಿಯಿಂದ ನೋಡಿಕೊಂಡೇ ಒಳಗೆ ಬಂದರು. ಒಂದು ತಿಂಗಳು ಹಾಗೆ ನಡೆಯಿತು. ಆ ಎರಡು ನಿಮಿಷಗಳು ಇಲ್ಲದಿದ್ದರೆ ಆಕೆ ಈ ಕೆಲಸ ಬಿಟ್ಟು ಹೋಗಿರುತ್ತಿದ್ದಳು, ಈ ಲೇಖನವೂ ಇರುತ್ತಿರಲಿಲ್ಲ.

ಇನ್ನು ಅವರಿಗೆ ಊರಿನ ತುಂಬ ಹೆಸರು ತಂದ ಶನಿವಾರದ ವೀಕ್ಷಣೆಯ ವಿಷಯ. ಕಟ್ಟಡಕ್ಕೆ ನೂರ ಇಪ್ಪತ್ತೈದು ತುಂಬಿದಾಗ, ತಿಂಗಳಿಗೊಂದು ಶನಿವಾರ ಸಾರ್ವಜನಿಕರಿಗೆ ಒಳಗೆ ತೋರಿಸಬೇಕೆಂದು ತೀರ್ಮಾನವಾಯಿತು. ವಿವರಿಸುವ ಹೊಣೆ ದಾಖಲೆ ವಿಭಾಗದ ಅಧಿಕಾರಿಯದು. ಬೀಗದ ಕೈ ಹಿಡಿದು ಹಿಂದೆ ಹೋಗುವುದು ಕಂಠಣ್ಣನವರದು. ಅಧಿಕಾರಿಗಳು ವಿದ್ವಾಂಸರು. ಗೋಡೆಯ ದಪ್ಪ, ತೊಲೆಯ ಉದ್ದ, ಹಾಸುಗಲ್ಲಿನ ಸಂಖ್ಯೆ ಎಲ್ಲವನ್ನೂ ಒಂದೂವರೆ ಗಂಟೆ ಹೇಳಿದರು. ಮೂವತ್ತು ಜನ ಬಂದಿದ್ದವರು ಗಡಿಯಾರದ ಗೋಪುರ ತಲುಪುವ ಹೊತ್ತಿಗೆ ಒಂಬತ್ತಾಗಿದ್ದರು. ಕೊನೆಯಲ್ಲಿ ಒಬ್ಬರು ಕಂಠಣ್ಣನವರ ಕಡೆ ತಿರುಗಿ, “ನೀವು ಇಲ್ಲಿ ಏನು ಮಾಡ್ತೀರಿ?” ಎಂದರು. “ಹೆಸರು ಕೂಗ್ತೀನಿ,” ಎಂದರು ಇವರು. “ಒಂದ್ಸಲ ಕೂಗಿ ನೋಡೋಣ.” ಇವರು ಕೂಗಿದರು. ಹೊರಟುಹೋಗಿದ್ದ ಇಪ್ಪತ್ತೊಂದು ಜನರಲ್ಲಿ ಆರು ಮಂದಿ ಗೇಟಿನಿಂದ ವಾಪಸು ಬಂದರು. ಮುಂದಿನ ತಿಂಗಳಿನಿಂದ ಅಧಿಕಾರಿಗಳೇ ಬೀಗದ ಕೈ ಹಿಡಿದರು, ಸಂತೋಷವಾಗಿಯೇ.

ಆ ವೀಕ್ಷಣೆಯನ್ನು ಕಂಡವರು ಮರೆಯಲಾರರು. ಗುಂಪನ್ನು ಹೆಬ್ಬಾಗಿಲಲ್ಲಿ ಬರಮಾಡಿಕೊಂಡು, ಮೆಟ್ಟಿಲ ಸವೆದ ಗುಂಡಿಯಲ್ಲೇ ಕಾಲಿಟ್ಟು ಹತ್ತಿ ಎನ್ನುತ್ತಿದ್ದರು. “ನಿಮಗಿಂತ ಮೊದ್ಲು ಬಂದೋರ ಕಾಲು ಅಲ್ಲಿದೆ.” ಅಷ್ಟು ಹೇಳಿದರೆ ಸಾಕು, ಹರಟುತ್ತ ಬಂದವರ ಬಾಯಿ ತಾನಾಗಿ ಮುಚ್ಚುತ್ತಿತ್ತು. ನೆಲಮಾಳಿಗೆಯ ಬಂದಿಕೋಣೆಯಿಂದ ನೇರ ಕಟಕಟೆಗೆ ಏರುವ ಕಿರುಮೆಟ್ಟಿಲಲ್ಲಿ ಒಬ್ಬೊಬ್ಬರನ್ನೇ ಹತ್ತಿಸುತ್ತಿದ್ದರು. ಕತ್ತಲಲ್ಲಿ ಹದಿನೆಂಟು ಮೆಟ್ಟಿಲು ಹತ್ತಿ ತಲೆಯೆತ್ತಿದರೆ ಏಕಾಏಕಿ ಆ ಎತ್ತರದ ಮಾಡು, ಬಣ್ಣದ ಗಾಜಿನಿಂದ ಬೀಳುವ ಬಿಸಿಲು, ಎದುರಿಗೆ ಪೀಠ. ದೊಡ್ಡ ದೊಡ್ಡ ಉದ್ಯೋಗಸ್ಥರೂ ಅಲ್ಲಿ ನಿಂತು ಕೈ ಕಟ್ಟಿಕೊಂಡದ್ದನ್ನು ಲೇಖಕಿ ನೋಡಿದ್ದಾಳೆ. ಆಮೇಲೆ ಸಾಕ್ಷಿಯ ಕಟಕಟೆ. ಅದರ ಮರದ ಅಡ್ಡಪಟ್ಟಿ ಎರಡು ಕಡೆ ಒಳಕ್ಕೆ ತಗ್ಗಿದೆ. ನೂರ ನಲವತ್ತಾರು ವರ್ಷ ಜನ ಭಯದಿಂದ ಬಿಗಿಹಿಡಿದ ಜಾಗ. ಅಲ್ಲಿ ಕಂಠಣ್ಣ ಒಬ್ಬೊಬ್ಬರ ಕೈಯನ್ನೂ ಇಡಿಸುತ್ತಿದ್ದರು. ಒಬ್ಬ ಕಟ್ಟಡ ಗುತ್ತಿಗೆದಾರರು ಕೈ ತೆಗೆದು ಅಂಗೈ ನೋಡಿಕೊಂಡು, “ಇದನ್ನ ನಾವು ಕಟ್ಟೋಕಾಗಲ್ಲ,” ಎಂದರು.

ವೀಕ್ಷಣೆ ಶುರುವಾದ ಎರಡನೆಯ ವರ್ಷ ಯಾರೋ ಕೇಳಿದರು, “ಹೆಸರು ಕೂಗಿದ್ದು ಕೇಳಿಸ್ದೇ ಹೋದ್ರೆ?” ಕಂಠಣ್ಣ ಗುಂಪನ್ನು ಕಲ್ಲು ಬೆಂಚಿನ ಬಳಿಗೆ ಕರೆದುಕೊಂಡು ಹೋಗಿ, ಹೊಲಿಗೆಯಮ್ಮನ ಕಥೆಯನ್ನು ಹೆಸರು ಹೇಳದೆ, ತಮ್ಮ ತಪ್ಪನ್ನು ಮುಚ್ಚದೆ ಹೇಳಿಬಿಟ್ಟರು. ಅಂದಿನಿಂದ ಪ್ರತಿ ವೀಕ್ಷಣೆಯೂ ಅಲ್ಲಿಗೇ ಬಂದು ಮುಗಿಯುತ್ತಿತ್ತು. ಗುಂಪಿನ ಒಬ್ಬರು ಬೆಂಚಿನ ಮೇಲೆ ಕೂರಬೇಕು, ಇವರು ಮೇಲೆ ಬಾಗಿಲಲ್ಲಿ ನಿಂತು ಅವರ ಹೆಸರು ಕೂಗಬೇಕು, ಅವರಿಗೆ ಕೇಳಿಸುವುದಿಲ್ಲ, ಆಮೇಲೆ ಕಥೆ. ಮೇಲಿನವರೊಬ್ಬರು ಕಚೇರಿಯ ಮಾನದ ಮಾತೆತ್ತಿದರು. ಕಂಠಣ್ಣ ಬಿಡಲಿಲ್ಲ. ಮನೆಯವರ ಬಳಿ ಅವರು ಹೇಳಿಕೊಂಡದ್ದು ಇಷ್ಟೇ: ಆಯಮ್ಮ ಎಲ್ಲಿದ್ದಾರೋ ಗೊತ್ತಿಲ್ಲ, ಯಾರ ಬಾಯಿಂದಾದರೂ ಅವರ ಕಿವಿಗೆ ಬೀಳಲಿ. ನಿವೃತ್ತಿ ಹತ್ತಿರವಾದಂತೆ ಅವರ ಮುಖದಲ್ಲಿ ಕಳೆ ಕಡಿಮೆಯಾಗುತ್ತ ಬಂದದ್ದನ್ನು ನಾವು ವಯಸ್ಸೆಂದುಕೊಂಡೆವು. “ವಯಸ್ಸಲ್ಲ, ಆ ಹೆಂಗಸು ಸಿಗದೇನೇ ಬಾಗಿಲು ಹಾಕ್ಕೊಂಡು ಬರ್ಬೇಕಲ್ಲ ಅನ್ನೋ ಕೊರಗು,” ಎಂದು ಮನೆಯವರು ತಿದ್ದಿದರು.

ಹೋದ ತಿಂಗಳ ಶನಿವಾರದ್ದೇ ಅವರ ಕೊನೆಯ ವೀಕ್ಷಣೆ ಎಂದುಕೊಂಡಿದ್ದೆವು. ನಲವತ್ತು ಜನ ಬಂದಿದ್ದರು. ನಾವು ಸಹೋದ್ಯೋಗಿಗಳೂ ಹಿಂದೆ ಸೇರಿಕೊಂಡೆವು. ಗುಂಪಿನಲ್ಲಿ ಬಸ್ ಕಂಡಕ್ಟರ್ ಸಮವಸ್ತ್ರದ ಐವತ್ತರ ಆಸುಪಾಸಿನ ಒಬ್ಬಾಕೆ, ತುಂಬ ವಯಸ್ಸಾದ ತಾಯಿಯನ್ನು ತೋಳು ಹಿಡಿದು ನಡೆಸುತ್ತಿದ್ದರು. ಅಜ್ಜಿಗೆ ಮೆಟ್ಟಿಲು ಹತ್ತಲಾಗದು ಎಂದು ಇಬ್ಬರೂ ಕೆಳಗೇ ಉಳಿದರು. ನಾವೆಲ್ಲ ಮೇಲೆ ನೋಡಿ ಇಳಿದು ಬಂದಾಗ ಅಜ್ಜಿ ಕಲ್ಲು ಬೆಂಚಿನ ಮೇಲೆ ಕುಳಿತಿದ್ದರು. ಇಂದು ಇವರೇ ಇರಲಿ ಎಂದುಕೊಂಡು ಕಂಠಣ್ಣ ಅಲ್ಲೇ ನಿಂತು, ಎಂದಿನಂತೆ ಬೂಟಿನಿಂದ ಶುರುಮಾಡಿ ಕಿಟಕಿಯವರೆಗೆ ಕಥೆ ಹೇಳಿದರು. ಮಗಳು ಒಂದೊಂದು ಮಾತನ್ನೂ ಬಾಗಿ ತಾಯಿಯ ಕಿವಿಯಲ್ಲಿ ಹೇಳುತ್ತಿದ್ದರು.

ಕಥೆ ಮುಗಿಯಿತು. ಅಜ್ಜಿ, ಕಿವಿ ಮಂದವಾದವರ ಜೋರು ದನಿಯಲ್ಲಿ, ಮಗಳನ್ನು ಕೇಳಿದರು:

“ಬೂಟು ಕಚ್ತಿತ್ತಂತಾ? ಅದು ನನಗೆ ಗೊತ್ತಿರ್ಲಿಲ್ಲ.”

ಕಂಠಣ್ಣ ಕಂಬಕ್ಕೆ ಕೈ ಊರಿದರು. ಮಗಳು ಹೇಳಿದರು, “ನನ್ನ ಬಸ್ಸಲ್ಲಿ ಇಬ್ರು ಪ್ಯಾಸೆಂಜರ್ ಮಾತಾಡ್ಕೋತಿದ್ರು ಸರ್. ಇಲ್ಲಿಗೆ ಬಂದು ಹೋದೋರು. ಕಿಟಕಿ, ಟೇಪು, ಮೆಟ್ಲು ಕೆಳಗಿನ ಬೆಂಚು ಅಂದ್ರು. ಟಿಕೆಟ್ ಕೊಡೋದನ್ನೇ ಮರೆತುಬಿಟ್ಟೆ. ಮನೆಗೆ ಹೋಗಿ ಅಮ್ಮಂಗೆ ಹೇಳ್ದೆ. ‘ನಡಿ, ಹೋಗೋಣ’ ಅಂದ್ಲು.”

ಕಂಠಣ್ಣ ಅಜ್ಜಿಯ ಮುಂದೆ ನೆಲದ ಮೇಲೆ ಕುಳಿತರು. ಅವರ ಬಾಯಿಂದ ಬಂದ ‘ಕ್ಷಮಿಸಿ ಅಮ್ಮ’ ಎಂಬ ಮಾತು, ಮನೆಯಲ್ಲಿ ಅನ್ನ ಕೇಳುವ ದನಿಗಿಂತಲೂ ಸಣ್ಣದಿತ್ತು. ಮಗಳು ಅದನ್ನು ಕಿವಿಯಲ್ಲಿ ಹೇಳಿದಾಗ ಅಜ್ಜಿ ಕೈಯಾಡಿಸಿದರು.

“ಕ್ಷಮೆ ಗಿಮೆ ಆಮೇಲೆ. ಆ ಕೋಣೆ ಹೋಯ್ತು, ಹೋಗ್ಲಿ. ಇನ್ನೊಬ್ರ ಜಗಲೀಲಿ ಕೂತು ಬಿಸಿಲಲ್ಲೇ ಮೂವತ್ತು ವರ್ಷ ಹೊಲಿದೆ. ಇವಳನ್ನ ಓದಿಸ್ದೆ. ಆದ್ರೆ ನಾನು ಬರ್ಲೇ ಇಲ್ಲ ಅಂತ ಬರೆದಿದ್ದೀರಲ್ಲ, ಅದು ಸುಳ್ಳು. ನಾನು ಒಂಬತ್ತು ಗಂಟೆಗೇ ಬಂದಿದ್ದೆ. ಈಗ ಕೂಗಪ್ಪ. ಸರಿಯಾಗಿ ಕೂಗು.”

ಕಂಠಣ್ಣ ಎದ್ದರು. ನಲವತ್ತೊಂದು ಮೆಟ್ಟಿಲನ್ನೂ ಹತ್ತಿದರು. ಮೇಲೆ ಸಭಾಂಗಣದ ಬಾಗಿಲವರೆಗೆ ಹೋಗಿ, ಅಲ್ಲಿಂದ ತಿರುಗಿ ಹನ್ನೆರಡು ಹೆಜ್ಜೆ ನಡೆದರು. ಆ ಹೆಜ್ಜೆಗಳನ್ನು ಕೆಳಗಿದ್ದ ನಾವೆಲ್ಲ ಮನಸ್ಸಿನಲ್ಲೇ ಎಣಿಸಿದೆವು. ಮೆಟ್ಟಿಲ ತಲೆಯಲ್ಲಿ ನಿಂತು ಮೊಕದ್ದಮೆಯ ಸಂಖ್ಯೆ, ವರ್ಷ, ಆಕೆಯ ಹೆಸರು, ಗಂಡನ ಹೆಸರು ಎಲ್ಲವನ್ನೂ ಯಾರೂ ನೆನಪಿಸದೆಯೇ ಕೂಗಿದರು. ಲೇಖಕಿ ಆ ದನಿಯನ್ನು ಇಪ್ಪತ್ತಾರು ವರ್ಷ ಕೇಳಿದ್ದಾಳೆ. ಅಂದು ಕೇಳಿದ್ದು ಮೊದಲ ಸಲವೆನಿಸಿತು. ಮಾಡಿನ ಪಾರಿವಾಳಗಳೆಲ್ಲ ಒಮ್ಮೆಲೇ ಎದ್ದವು. ಕಲ್ಲು ಬೆಂಚಿನವರೆಗೂ ಹೆಸರು ಸ್ಪಷ್ಟವಾಗಿ ಬಂತು.

ಅಜ್ಜಿಗೆ ಕೇಳಿಸಲಿಲ್ಲ. ಕಿವಿಗೆ ವಯಸ್ಸಾಗಿತ್ತು. ಸುಮ್ಮನೆ ಕಾಯುತ್ತ ಕುಳಿತಿದ್ದರು. ಮಗಳು ಹೇಳಲು ಬಾಗಿದವರು, ಯಾಕೋ ತಡೆದುಕೊಂಡರು.

ಕಂಠಣ್ಣ ತಿರುವಿಗೆ ಇಳಿದು ಎರಡನೆಯ ಸಲ ಕೂಗಿದರು. ಅಜ್ಜಿ ಅಲುಗಲಿಲ್ಲ. ನಮ್ಮಲ್ಲಿ ಹಲವರು ಕಣ್ಣು ಮುಚ್ಚಿಕೊಂಡರು, ಇನ್ನೊಂದೇ ಕೂಗು ಉಳಿದಿತ್ತು. ಕಂಠಣ್ಣ ಕೆಳಗಿಳಿದು, ಕಂಬ ಸುತ್ತಿ, ಬೆಂಚಿನ ಹತ್ತಿರಕ್ಕೆ, ಇನ್ನೂ ಹತ್ತಿರಕ್ಕೆ ಬಂದು, ಮಂಡಿಯೂರಿ, ಅಜ್ಜಿಯ ಕಿವಿಯ ಬಳಿ ಮೂರನೆಯ ಸಲ ಆ ಹೆಸರನ್ನು ಹೇಳಿದರು. ಅದು ಕೂಗಾಗಿರಲಿಲ್ಲ, ನಮಗ್ಯಾರಿಗೂ ಕೇಳಿಸಲೂ ಇಲ್ಲ.

“ಇದ್ದೀನಿ ಕಣಪ್ಪ,” ಎಂದರು ಅಜ್ಜಿ.

ಕಂಠಣ್ಣ ಅವರ ಕೈ ಹಿಡಿದರು. ಆಮೇಲೆ ಮತ್ತೆ ಮೆಟ್ಟಿಲು ಹತ್ತಿದರು. ನಾವೂ ಹಿಂದೆ ಹೋದೆವು. ಸಭಾಂಗಣದಲ್ಲಿ ಪೀಠ ಖಾಲಿಯಿತ್ತು. ಅವರು ಬಾಗಿಲ ಒಳಗೆ ತಮ್ಮ ಜಾಗದಲ್ಲಿ ನೆಟ್ಟಗೆ ನಿಂತು, ಖಾಲಿ ಪೀಠಕ್ಕೆ ತಲೆಬಾಗಿ, “ವಾದಿ ಹಾಜರಿದ್ದಾರೆ ಸ್ವಾಮಿ. ಬೆಳಗ್ಗೆ ಒಂಬತ್ತರಿಂದ ಹಾಜರಿದ್ದರು,” ಎಂದರು. ಲೇಖಕಿ ತನ್ನ ಮೇಜಿಗೆ ಹೋಗಿ, ದಿನಾಂಕ ಹಾಕಿ, ಆ ಮಾತನ್ನು ಶೀಘ್ರಲಿಪಿಯಲ್ಲಿ ಬರೆದುಕೊಂಡಳು. ಕಾನೂನಿನ ಕಣ್ಣಿನಲ್ಲಿ ಅದಕ್ಕೆ ಕವಡೆ ಕಿಮ್ಮತ್ತಿಲ್ಲ. ಆದರೂ ಬಿಡಿಸಿ ಬರೆದು ಕೆಳಗೆ ತಂದು ತೋರಿಸಿದಾಗ ಅಜ್ಜಿ ಕನ್ನಡಕ ಏರಿಸಿ, ಒಂದೊಂದೇ ಅಕ್ಷರ ಕೂಡಿಸಿ ಓದಿ, ಹಾಳೆಯನ್ನು ನಾಲ್ಕಾಗಿ ಮಡಚಿ ಚೀಲಕ್ಕೆ ಹಾಕಿಕೊಂಡರು. ಹೋಗುವಾಗ ಕಂಠಣ್ಣನವರ ಕಾಲಿನ ಕಡೆ ನೋಡಿ, “ಈಗಿನ ಬೂಟು ಕಚ್ಚಲ್ಲ ತಾನೆ?” ಎಂದು ಕೇಳಿದರು. ಇಲ್ಲ ಎಂದು ಇವರು ತಲೆಯಾಡಿಸಿದರು.

ಕಂಠಣ್ಣನವರ ಜಾಗಕ್ಕೆ ಬರುವವರಿಗೆ ಏಳು ಕಿವುಡು ಜಾಗಗಳ ನಕ್ಷೆಯನ್ನು ಅವರು ಸ್ವಂತ ಕೈಯಿಂದ ಬರೆದು ಬಾಗಿಲ ಹಿಂದೆ ಅಂಟಿಸಿದ್ದಾರೆ. ತಿಂಗಳ ಶನಿವಾರಕ್ಕೆ ಮಾತ್ರ ತಾವೇ ಬರುವುದಾಗಿ ಮಾತು ಕೊಟ್ಟಿದ್ದಾರೆ. ಕಲ್ಲು ಬೆಂಚಿನ ಕಥೆಗೆ ಈಗ ಇನ್ನಷ್ಟು ಸೇರಿದೆಯಲ್ಲ, ಅದನ್ನು ಬೇರೆ ಯಾರೂ ಅವರ ಹಾಗೆ ಹೇಳಲಾರರು. ಮನೆಯವರಿಗೂ ಒಂದು ಬೇಡಿಕೆಯಿದೆ: ಇನ್ನಾದರೂ ಅನ್ನ ಬೇಕೆಂಬುದನ್ನು ಒಂದೇ ಸಲಕ್ಕೆ ಕೇಳಿಸುವಂತೆ ಹೇಳಲಿ ಎಂದು. ಅವರಿಗೆ ಆಯುರಾರೋಗ್ಯ ಕೂಡಿಬರಲಿ, ಗಂಟಲು ಗಟ್ಟಿಯಿರಲಿ, ಮಂಡಿ ಅದಕ್ಕಿಂತ ಗಟ್ಟಿಯಿರಲಿ ಎಂದು ನಾವೆಲ್ಲ ಹಾರೈಸುತ್ತೇವೆ. ಈ ಕಟ್ಟಡದ ಯಾವ ಮೂಲೆಯಲ್ಲಿ ನಿಂತು ನಾವು ಅವರ ಹೆಸರನ್ನು ಕರೆದರೂ, ಮೂರನೆಯ ಕೂಗಿಗೆ ಮೊದಲೇ, ‘ಇದ್ದೀನಿ’ ಎಂಬ ಉತ್ತರ ಇನ್ನೂ ಬಹಳ ಕಾಲ ಬರುತ್ತಿರಲಿ.